ಬೆನ್ನುನೋವು ಮುಚ್ಚಿಟ್ಟವರು ಯಾರು?

ಮಾನ್ಯ ಸಂಪಾದಕರೇ,

ಅಗ್ನಿವೀರ ನೇಮಕಾತಿ ರ‍್ಯಾಲಿಯ ಬಗ್ಗೆ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಮಂಗಳವಾರ ಬಂದ ವರದಿಯನ್ನು ಓದಿದೆ. ವೈದ್ಯಕೀಯ ಪರೀಕ್ಷೆಯಲ್ಲಿ ಅನರ್ಹರಾದ ಹುಡುಗರ ವಿಚಾರವಾಗಿ ಅಧಿಕಾರಿಯೊಬ್ಬರು, ಇವರೆಲ್ಲ ಮೊದಲೇ ಇದ್ದ ಬೆನ್ನುನೋವನ್ನು ಮುಚ್ಚಿಟ್ಟು ಬಂದು ಎಲ್ಲರ ಸಮಯ ಹಾಳುಮಾಡುತ್ತಾರೆಂದು ಅಪ್ಪಣೆ ಕೊಡಿಸಿದ್ದಾರೆ. ಹಾಗೆ ಸಮಯ ಹಾಳುಮಾಡಿದವರಲ್ಲಿ ನನ್ನ ತಂಗಿಯ ಮಗನೂ ಒಬ್ಬ. ಹಾಳಾದದ್ದು ಯಾರ ಸಮಯ ಎಂಬ ಲೆಕ್ಕ ನನ್ನ ಬಳಿ ಇರುವುದರಿಂದ ಈ ಪತ್ರ ಬರೆಯಬೇಕಾಯಿತು.

ಶರಾವತಿ ಹಿನ್ನೀರಿಗೆ 2025ರ ಜುಲೈಯಲ್ಲಿ ಸೇತುವೆಯಾದ ಮೇಲೆ, ಅಂಬಾರಗೋಡ್ಲಿನಿಂದ ಕಳಸವಳ್ಳಿಯವರೆಗಿನ ಆ ಎರಡೂವರೆ ಕಿಲೋಮೀಟರನ್ನು ಈ ಹುಡುಗ ದಿನವೂ ಬೆಳಗಿನ ಜಾವ ಓಡಿದ್ದಾನೆ. 250 ರೂಪಾಯಿ ಕಟ್ಟಿ ಆನ್‌ಲೈನ್ ಪರೀಕ್ಷೆ ಬರೆದು ಪಾಸಾದ. ರ‍್ಯಾಲಿಯಲ್ಲಿ 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸಿ 60 ಅಂಕ ಪಡೆದ. ಹತ್ತು ಬಾರಿ ಕಂಬಿಗೆ ಜೋತು ಮೇಲೆದ್ದು ಉಳಿದ 40 ಅಂಕವನ್ನೂ ತೆಗೆದುಕೊಂಡ. ಮರುದಿನ ವೈದ್ಯರು ಅವನ ಸೊಂಟದ ಮೇಲೆ ಬೆರಳಾಡಿಸಿ, ಬಗ್ಗಿಸಿ ನೋಡಿ, ಅನರ್ಹನೆಂದು ಬರೆದು, ಒಪ್ಪದಿದ್ದರೆ ಬೆಂಗಳೂರಿನ ಸೇನಾ ಆಸ್ಪತ್ರೆಯಲ್ಲಿ ಮರುಪರೀಕ್ಷೆ ಮಾಡಿಸಿಕೊಳ್ಳುವಂತೆ ಚೀಟಿ ಕೊಟ್ಟರು. ಅಲ್ಲಿ ತೆಗೆದ ಎಕ್ಸ್‌ರೇಯಲ್ಲಿ ಸೊಂಟದ ಕೊನೆಯ ಮಣಿ ತನ್ನ ಜಾಗ ಬಿಟ್ಟು ಮುಂದಕ್ಕೆ ಜಾರಿರುವುದು ನನ್ನಂಥ ಅಡಿಕೆ ಬೆಳೆಗಾರನ ಕಣ್ಣಿಗೂ ಕಾಣುವಂತಿತ್ತು. ಸ್ಪಾಂಡಿಲೊಲಿಸ್ಥೆಸಿಸ್ ಎಂಬ ಆ ಹೆಸರನ್ನು ಸರಿಯಾಗಿ ಉಚ್ಚರಿಸುವುದಕ್ಕೇ ನನಗೆ ಮೂರು ದಿನ ಬೇಕಾದವು.

ಈ ಇಡೀ ಪ್ರಕರಣದಲ್ಲಿ ನಮ್ಮನ್ನು ಕೂರಿಸಿಕೊಂಡು ಮಾತನಾಡಿದವರು ಆ ಸೇನಾ ಆಸ್ಪತ್ರೆಯ ವೈದ್ಯರೊಬ್ಬರೇ. ಮಣಿಯ ಹಿಂಬದಿಯ ಸಣ್ಣ ಎಲುಬಿನಲ್ಲಿ ಎಳೆಯ ವಯಸ್ಸಿನಲ್ಲೇ ಬಿರುಕು ಬಿಡುತ್ತದೆ, ಭಾರ ಹೊರುವ ಮತ್ತು ಪದೇ ಪದೇ ಹಿಂದಕ್ಕೆ ಬಾಗುವ ಹುಡುಗರಲ್ಲಿ ಇದು ಹೆಚ್ಚು, ವೇಗದ ಬೌಲರ್‌ಗಳಲ್ಲೂ ಕಾಣುತ್ತದೆ, ನೂರಕ್ಕೆ ಐದಾರು ಜನರಿಗೆ ಇಂಥ ಬಿರುಕು ಇದ್ದು ಬಹುಪಾಲು ಮಂದಿಗೆ ಜೀವಮಾನದಲ್ಲಿ ಗೊತ್ತೇ ಆಗುವುದಿಲ್ಲ ಎಂದು ಅವರು ವಿವರಿಸಿದರು. ಬೆನ್ನಿಗೆ ಹೊರೆ ಹೊತ್ತು ಹಿಮದ ಬೆಟ್ಟ ಹತ್ತಬೇಕಾದವನ ಮಣಿ ಜಾರಿರಬಾರದೆಂಬ ನಿಯಮ ಸರಿಯಾದದ್ದೇ. ಅದರ ಮೇಲೆ ನನ್ನ ತಕರಾರಿಲ್ಲ. ಹುಡುಗನಿಗೇ ತಿಳಿಯದಿದ್ದ ಬಿರುಕನ್ನು ಅವನು ಮುಚ್ಚಿಟ್ಟನೆಂದು ಪತ್ರಿಕೆಯಲ್ಲಿ ಸಾರುವುದಕ್ಕೆ ತಕರಾರಿದೆ.

ನೋವು ಇರಲೇ ಇಲ್ಲವೆಂದು ನಾನು ಹೇಳುವುದಿಲ್ಲ. ಕೊಯ್ಲಿನ ಕಾಲದಲ್ಲಿ ಅಡಿಕೆ ಗೊನೆ ಹೊತ್ತು ಬಂದ ಸಂಜೆ ಸೊಂಟ ಹಿಡಿಯುತ್ತಿತ್ತು, ನನ್ನ ತಂಗಿ ಎಣ್ಣೆ ಹಚ್ಚುತ್ತಿದ್ದಳು, ಬೆಳಿಗ್ಗೆಗೆ ಸರಿಹೋಗುತ್ತಿತ್ತು. ಮಲೆನಾಡಿನಲ್ಲಿ ಇದನ್ನು ಕಾಯಿಲೆಯೆಂದು ಕರೆಯುವುದಾದರೆ ಇಡೀ ಹೋಬಳಿಯನ್ನೇ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ. ಯಾರು ಕೇಳಿದರೂ ನೋವಿಲ್ಲವೆನ್ನಬೇಕೆಂದು ತರಬೇತಿ ಕೇಂದ್ರದವರು ಹೇಳಿಕೊಟ್ಟಿದ್ದು ನಿಜ, ಅವನು ಹಾಗೆಯೇ ಅಂದದ್ದೂ ನಿಜ. ಆದರೆ ಅದಕ್ಕೂ ಎಂಟು ತಿಂಗಳ ಮೊದಲು, ಯಾವುದಕ್ಕೂ ಒಮ್ಮೆ ತೋರಿಸಿಬಿಡೋಣವೆಂದು ನಾನೇ ಅವನನ್ನು ಒಂದು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದಿದ್ದೆ. ಎಕ್ಸ್‌ರೇ ತೆಗೆಯುವವರು ವಾರಕ್ಕೆ ಎರಡು ದಿನ ಬರುತ್ತಾರೆ. ನಾವು ಹೋದದ್ದು ಉಳಿದ ಐದು ದಿನಗಳಲ್ಲಿ ಒಂದು. ವೈದ್ಯರು ಅಂಗಿಯ ಮೇಲಿನಿಂದಲೇ ಬೆನ್ನು ತಟ್ಟಿ, ಗಟ್ಟಿ ಇದ್ದಾನೆ ಹೋಗಿ ಎಂದು ದೇಹದಾರ್ಢ್ಯ ಪ್ರಮಾಣಪತ್ರಕ್ಕೆ ಮೊಹರು ಒತ್ತಿದರು. ಮುಚ್ಚಿಟ್ಟವರ ಪಟ್ಟಿಯಲ್ಲಿ ಆ ಮೊಹರಿನ ಹೆಸರೂ ಸೇರಲಿ.

ಇನ್ನು ನನ್ನ ಪಾಡು. ಮಳೆ ಬಿಟ್ಟು, ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯಲು ಮರ ಹತ್ತುವ ಕೊನೆಗಾರ ಸಿಕ್ಕಿದ್ದ ಎರಡೇ ದಿನಗಳನ್ನು ಈ ರ‍್ಯಾಲಿಗೆ ಬಲಿಕೊಟ್ಟೆ. ರಾತ್ರಿ ಕ್ರೀಡಾಂಗಣದ ಹೊರಗೆ ಅಂಗಡಿಯೊಂದರ ಜಗಲಿಯ ಮೇಲೆ ಮಲಗಿದೆವು. ಶೌಚಾಲಯಕ್ಕೆ ಬೀಗ, ಕುಡಿಯುವ ನೀರಿಗೆ ಹೋಟೆಲ್. ಬೆಂಗಳೂರಿಗೆ ಹೋಗಿ ಬರುವ ಖರ್ಚು, ಉಳಿಯುವ ಖರ್ಚು ಬೇರೆ. ನಮ್ಮ ಕಡೆಯ ರಸ್ತೆಯಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತು ಶಿವಮೊಗ್ಗ ತಲುಪಿದ ಮೇಲೂ ಯಾರ ಮಣಿ ಜಾಗದಲ್ಲಿರುತ್ತದೋ ಅವನನ್ನು ಪರೀಕ್ಷೆಯಿಲ್ಲದೆ ನೇರವಾಗಿ ಸಿಯಾಚಿನ್‌ಗೆ ಕಳುಹಿಸಬಹುದು.

ಕಾಗದಪತ್ರಗಳ ಕಥೆಯನ್ನು ಬರೆದರೆ ನಿಮ್ಮ ಪುಟ ಸಾಲದು. ಹುಡುಗನಿಗೆ ಮದುವೆಯಾಗಿಲ್ಲವೆಂಬ ದೃಢೀಕರಣಕ್ಕೆ ಮೂರು ಸಲ ಅಲೆದೆವು. ಮದುವೆಯಾಗಿದ್ದರೆ ಇಷ್ಟರಲ್ಲಿ ಒಂದೇ ಸಲಕ್ಕೆ ಮುಗಿಯುತ್ತಿತ್ತೋ ಏನೋ. ವಾಸಸ್ಥಳದ ಪತ್ರಕ್ಕೆ ಹೋದಾಗ, ಕಂದಾಯ ಸಿಬ್ಬಂದಿಯೊಬ್ಬರು ನಿಮ್ಮ ಮೂಲ ಊರು ಯಾವುದೆಂದು ಕೇಳಿದರು. ನಮ್ಮ ಮೂಲ ಊರು 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಡಿಗೆ ಹೋಯಿತು, ಬದಲಿಗೆ ಕೊಟ್ಟ ಜಾಗದ ಹಕ್ಕುಪತ್ರಕ್ಕಾಗಿ ನನ್ನ ಅಪ್ಪ ಸಾಯುವವರೆಗೂ ಇಂಥದೇ ಕಿಟಕಿಯ ಮುಂದೆ ನಿಂತಿದ್ದರು ಎಂದು ಹೇಳಿದೆ. ಸರ್ವರ್ ಇಲ್ಲ, ನಾಳೆ ಬನ್ನಿ ಎಂದರು. ಅಪ್ಪನಿಗೆ ಸಾಹೇಬರಿಲ್ಲ ಎನ್ನುತ್ತಿದ್ದರು. ಅಷ್ಟು ಮಟ್ಟಿಗೆ ಪ್ರಗತಿಯಾಗಿದೆ.

ಆದ್ದರಿಂದ ಸಂಬಂಧಪಟ್ಟವರು ನೇಮಕಾತಿಗೆ ಅರ್ಜಿ ಹಾಕುವ ಹುಡುಗರಿಗೆ ಮೊದಲೇ ತಾಲ್ಲೂಕು ಮಟ್ಟದಲ್ಲಿ ಬೆನ್ನಿನ ಎಕ್ಸ್‌ರೇ ತೆಗೆಸುವ ವ್ಯವಸ್ಥೆ ಮಾಡಬೇಕು. ಅದು ಆಗದಿದ್ದರೆ ಎಕ್ಸ್‌ರೇ ಯಂತ್ರವಿರುವ ಕಡೆ ಅದನ್ನು ನಡೆಸುವವರನ್ನಾದರೂ ಇಡಬೇಕು. ಅದೂ ಆಗದಿದ್ದರೆ, ನಾಲ್ಕು ವರ್ಷದ ಕೆಲಸಕ್ಕಾಗಿ ಎರಡು ವರ್ಷ ಓಡಿದ ಹುಡುಗರನ್ನು ಸುಳ್ಳುಗಾರರೆಂದು ಕರೆಯುವ ಬಾಯನ್ನಾದರೂ ಹಿಡಿತದಲ್ಲಿಟ್ಟುಕೊಳ್ಳಬೇಕು. ಆ ಅಧಿಕಾರಿಗೆ ಬಿಡುವಿದ್ದಾಗ ನಮ್ಮ ತೋಟಕ್ಕೆ ಬಂದು ನಾಲ್ಕು ಗೊನೆ ಹೊತ್ತು ಕಡಿದಾದ ಧರೆ ಹತ್ತಿ ತೋರಿಸಲಿ. ಎಣ್ಣೆ ನಮ್ಮ ಮನೆಯಲ್ಲೇ ಇದೆ.

ಇತಿ,
ಹಿನ್ನೀರಿನ ಆಚೆಯ ಓದುಗ
ಸಾಗರ ತಾಲ್ಲೂಕು