ಅಜ್ಜಿಯ ಮಾತು ಅಜ್ಜಿಯ ದನಿಯಲ್ಲೇ ಇರಲಿ

ಕವಿಂಗ್ಟನ್, ಕೆಂಟಕಿ

ಪ್ರೀತಿಯ ಅಕ್ಕ,

ನಾವಿಲ್ಲಿ ಕ್ಷೇಮ. ಅಪ್ಪನ ಮಂಡಿ ನೋವು ಹೇಗಿದೆ? ತೋಟಕ್ಕೆ ಎರಡನೇ ಸಲ ಔಷಧಿ ಹೊಡೆದು ಆಯಿತಾ? ಮಳೆ ಹೊಳವೇ ಕೊಡ್ತಿಲ್ಲ, ಕೊಳೆ ರೋಗ ಶುರುವಾಗಿದೆ ಅಂತ ತಮ್ಮ ಹೇಳಿದ.

ಮೊನ್ನೆ ಫೋನಿನಲ್ಲಿ ನೀನು ಕೇಳಿದೆ, "ಓದೋದು ಬಿಟ್ಟು ಯಾರೋ ಓದಿದ್ದನ್ನ ಕೇಳ್ತೀಯಲ್ಲ, ಅದರಲ್ಲಿ ಏನು ಸಿಗುತ್ತೆ?" ಅಂತ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ಲೈಬ್ರರಿ ಕಾರ್ಡ್ ಇದ್ದರೆ ಲಿಬ್ಬಿ ಅನ್ನೋ ಆಪ್‌ನಲ್ಲಿ ಆಡಿಯೊ ಪುಸ್ತಕ ಪುಕ್ಕಟೆ ಸಿಗುತ್ತದೆ. ಆಫೀಸಿಗೆ ಹೋಗುವಾಗ ಬರುವಾಗ ಕಾರಿನಲ್ಲಿ ಹಾಕಿಕೊಳ್ಳುತ್ತೇನೆ. ಜಾಸ್ತಿ ಕೇಳಿದ್ದು ಇಲ್ಲಿ ಅಮೆರಿಕದ ಕಪ್ಪು ಜನರ ಮನೆತನಗಳ ಕಾದಂಬರಿಗಳನ್ನು. ನಾನಿರುವ ಜಾಗವೇ ಅಂಥದ್ದು ಅಕ್ಕ. ಮನೆ ಕೆಂಟಕಿ ರಾಜ್ಯದಲ್ಲಿ, ಕೆಲಸ ಹೊಳೆಯಾಚೆ ಓಹಾಯೋ ರಾಜ್ಯದ ಸಿನ್ಸಿನಾಟಿಯಲ್ಲಿ. ಗುಲಾಮಗಿರಿ ಇದ್ದಾಗ ಈ ದಡದಲ್ಲಿ ಮನುಷ್ಯರನ್ನು ಕೊಳ್ಳಬಹುದಿತ್ತು, ಆ ದಡದಲ್ಲಿ ಆಗುತ್ತಿರಲಿಲ್ಲ. 1856ರ ಜನವರಿಯಲ್ಲಿ ಹೊಳೆ ಹೆಪ್ಪುಗಟ್ಟಿದಾಗ ಮಾರ್ಗರೆಟ್ ಗಾರ್ನರ್ ಎಂಬ ಹೆಂಗಸು ಗಂಡ ಮಕ್ಕಳ ಜೊತೆ ಅದರ ಮೇಲೆ ನಡೆದು ಆಚೆ ದಾಟಿದಳು. ಓಡಿಹೋದವರನ್ನು ಆಚೆ ದಡದಿಂದಲೂ ಹಿಡಿದು ತರಬಹುದು ಅಂತ 1850ರಲ್ಲೇ ಕಾನೂನು ಆಗಿತ್ತು. ಹಿಡಿಯುವವರು ಬಂದು ಮನೆ ಸುತ್ತುವರಿದರು. ಮಗಳು ಮತ್ತೆ ಆ ಬದುಕಿಗೆ ಹೋಗೋದು ಬೇಡ ಅಂತ ಎರಡು ವರ್ಷದ ಕೂಸನ್ನು ಅವಳು ಕೈಯಾರೆ ಕೊಂದಳು. ಆಮೇಲೆ ಅವಳನ್ನು ಕೊಲೆ ಆರೋಪಿ ಅಂತ ನೋಡಬೇಕೋ, ಯಾರದೋ ಸ್ವತ್ತು ಅಂತ ನೋಡಬೇಕೋ ಎಂದು ಕೋರ್ಟಿನಲ್ಲಿ ವಾದ ನಡೆಯಿತು. ಕೊನೆಗೆ ಸ್ವತ್ತು ಅಂತಲೇ ವಾಪಸ್ ಕಳಿಸಿದರು. ಆ ಹೊಳೆಯನ್ನು ನಾನು ದಿನಾ ದಾಟುತ್ತೇನೆ.

ಈ ಘಟನೆಯಿಂದಲೇ ಕಪ್ಪು ಲೇಖಕಿ ಟೋನಿ ಮಾರಿಸನ್ 'ಬಿಲವ್ಡ್' ಕಾದಂಬರಿ ಬರೆದರು, ಅದು 1987ರಲ್ಲಿ ಬಂತು. ಅವರೂ ಓಹಾಯೋದವರೇ. ಆಡಿಯೊದಲ್ಲಿ ಪೂರ್ತಿ ಅವರೇ ಓದಿದ್ದಾರೆ, ಸುಮಾರು 12 ಗಂಟೆ. ಅಭಿನಯ ಇಲ್ಲ, ದನಿ ಏರಿಸೋದಿಲ್ಲ. ತಗ್ಗಿದ ದನಿಯಲ್ಲಿ, ಅವಸರವಿಲ್ಲದೆ ಓದುತ್ತಾರೆ. ಮೊದಮೊದಲು ಯಾರು ಯಾರಿಗೆ ಏನಾಗಬೇಕು ಅಂತಲೇ ತಿಳಿಯೋದಿಲ್ಲ, ಹಿಂದಿನದು ಮುಂದಿನದು ಬೆರೆತು ಬರುತ್ತದೆ. ಆದರೆ ನಡುವೆ ಒಂದು ಭಾಗ ಇದೆ. ತಾಯಿ, ಬದುಕಿರುವ ಮಗಳು, ಸತ್ತು ತಿರುಗಿ ಬಂದ ಮಗಳು, ಒಬ್ಬೊಬ್ಬರೂ ಮನಸ್ಸಿನೊಳಗೇ ಮಾತಾಡುತ್ತಾರೆ. ಸತ್ತವಳ ಮಾತಿಗೆ ಅಚ್ಚಿನಲ್ಲಿ ಪೂರ್ಣವಿರಾಮ ಕೂಡ ಇಲ್ಲ, ಸುಮ್ನೆ ಖಾಲಿ ಜಾಗ ಬಿಟ್ಟಿದ್ದಾರೆ. ಪುಸ್ತಕದಲ್ಲಿ ಓದುವಾಗ ಆ ಪುಟಗಳು ನನಗೆ ದಕ್ಕಿರಲಿಲ್ಲ. ಅವರ ಬಾಯಲ್ಲಿ ಕೇಳಿದಾಗ ಆ ಖಾಲಿ ಜಾಗಗಳೆಲ್ಲ ಉಸಿರು ಅಂತ ಗೊತ್ತಾಯಿತು. ಕಾರು ನಿಲ್ಲಿಸಿ ಅತ್ತಿದ್ದೇನೆ ಅಕ್ಕ. ಸಮಯ ಉಳಿಸೋಕೆ ಅಂತ ಕೆಲವರು ವೇಗ ಜಾಸ್ತಿ ಮಾಡಿಕೊಂಡು ಕೇಳುತ್ತಾರೆ. ಈ ಪುಸ್ತಕಕ್ಕೆ ಹಾಗೆ ಮಾಡಲೇಬಾರದು.

ಬರೆದವರೇ ಓದಬೇಕು ಅಂತ ಹಠ ಏನಿಲ್ಲ. ಯಾ ಜಾಸಿ ಅವರ 'ಹೋಮ್‌ಗೋಯಿಂಗ್' (2016) ಓದಿರುವುದು ಡಾಮಿನಿಕ್ ಹಾಫ್‌ಮನ್ ಎಂಬ ನಟ. ಘಾನಾ ದೇಶದ ಇಬ್ಬರು ಅಕ್ಕತಂಗಿಯರು, ತಾಯಿ ಒಬ್ಬಳೇ, ಆದರೆ ಒಬ್ಬರಿಗೊಬ್ಬರು ಗೊತ್ತಿಲ್ಲ. ಒಬ್ಬಳು ಕೇಪ್ ಕೋಸ್ಟ್ ಕೋಟೆಯ ಮೇಲಂತಸ್ತಿನಲ್ಲಿ ಇಂಗ್ಲಿಷ್ ಅಧಿಕಾರಿಯ ಹೆಂಡತಿ. ಇನ್ನೊಬ್ಬಳು ಅದೇ ಕೋಟೆಯ ನೆಲಮಾಳಿಗೆಯಲ್ಲಿ, ಹಡಗಿಗೆ ಕಾಯುತ್ತಿರುವ ಗುಲಾಮಳು. ಆಮೇಲೆ ಇಬ್ಬರ ಮಕ್ಕಳು, ಮೊಮ್ಮಕ್ಕಳು, ಹೀಗೆ ಒಂದೊಂದು ತಲೆಮಾರಿಗೂ ಒಂದೊಂದು ಅಧ್ಯಾಯ, ಒಟ್ಟು 14. ಕೇಳುವವರಿಗೆ ಇದು ಕಷ್ಟ. ಪುಟ ತಿರುಗಿಸಿ ವಂಶವೃಕ್ಷ ನೋಡೋಣ ಅಂದರೆ ಕೈಯಲ್ಲಿ ಸ್ಟೀರಿಂಗ್. ಒಬ್ಬರ ಮೇಲೆ ಜೀವ ಇಟ್ಟುಕೊಳ್ಳುವಷ್ಟರಲ್ಲಿ ಅವರ ಕಥೆ ಮುಗಿದಿರುತ್ತದೆ. ಆದರೂ 'ಎಚ್' ಎಂಬವನ ಅಧ್ಯಾಯಕ್ಕಾಗಿ ನೀನು ಇದನ್ನು ಕೇಳಬೇಕು. 1865ರಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಮುಗಿಯಿತು. ಆದರೆ ಅದಾದ ಮೇಲೂ ಅವನನ್ನು ಸುಳ್ಳು ಕೇಸಿನಲ್ಲಿ ಹಿಡಿದು, ಕೈದಿ ಅಂತ ಹೆಸರಿಟ್ಟು, ಅಲಬಾಮಾದ ಕಲ್ಲಿದ್ದಲ ಗಣಿಗೆ ದೂಡುತ್ತಾರೆ. ಆ ಅಧ್ಯಾಯದಲ್ಲಿ ಹಾಫ್‌ಮನ್ ದನಿ ಕಲ್ಲಿನಷ್ಟು ಭಾರ.

ಮಿಸಿಸಿಪ್ಪಿಯ ಬಿಳಿಯರ ಮನೆಗಳಲ್ಲಿ ಕೆಲಸ ಮಾಡುವ ಕಪ್ಪು ಹೆಂಗಸರ ಕಥೆ, ಕ್ಯಾಥರಿನ್ ಸ್ಟಾಕೆಟ್ ಅವರ 'ದ ಹೆಲ್ಪ್' ನನಗೆ ಅಷ್ಟು ಒಗ್ಗಲಿಲ್ಲ. ಓದಿದವರು ತುಂಬ ಚೆನ್ನಾಗಿ ಓದಿದ್ದಾರೆ. ಅವರಲ್ಲೊಬ್ಬಳಾದ ಮಿನ್ನಿಯ ಭಾಗ ಓದಿದ ಆಕ್ಟೇವಿಯಾ ಸ್ಪೆನ್ಸರ್ ಸಿನಿಮಾದಲ್ಲೂ ಅದೇ ಪಾತ್ರ ಮಾಡಿ ಆಸ್ಕರ್ ಪಡೆದರು. ಆದರೆ ಮನೆಗೆಲಸದ ಹೆಂಗಸರ ಕಷ್ಟವನ್ನೆಲ್ಲ ಬರೆದುಕೊಳ್ಳುವವಳು ಒಬ್ಬ ಬಿಳಿ ಹುಡುಗಿ, ಕಥೆ ಅವಳ ಕಡೆಗೇ ವಾಲುತ್ತದೆ. ಇನ್ನೊಂದು ವಿಷಯ. ಅಚ್ಚಿನಲ್ಲಿ ಕಪ್ಪು ಹೆಂಗಸರ ಮಾತು ಮಾತ್ರ ಆಡುಮಾತು, ಬಿಳಿ ಹುಡುಗಿಯದು ಶಾಲೆಯ ಇಂಗ್ಲಿಷ್. ಕಿವಿಗೆ ಹಾಗಲ್ಲ. ಅವಳದ್ದೂ ಅದೇ ಮಿಸಿಸಿಪ್ಪಿ ರಾಗ! ನಮ್ಮ ಕಥೆಗಳಲ್ಲೂ ಹೀಗೇ ಅಲ್ವಾ? ಒಡೆಯರು ಪುಸ್ತಕದ ಕನ್ನಡ ಮಾತಾಡುತ್ತಾರೆ, ಆಳುಗಳು ಮಾತ್ರ 'ಹಳ್ಳಿ ಭಾಷೆ'.

ಅವರ ಕಥೆ ನಮ್ಮ ಕಥೆ ಒಂದೇ ಅಂತ ನಾನು ಹೇಳೋದಿಲ್ಲ. ನಮ್ಮವರನ್ನು ಯಾರೂ ಹಡಗಿಗೆ ತುಂಬಿ ಮಾರಲಿಲ್ಲ. ಆದರೆ ಇವನ್ನೆಲ್ಲ ಕೇಳುತ್ತಾ ನನಗೆ ದಿನಾ ನೆನಪಾಗೋದು ನಮ್ಮ ಸಾಗರ ಸೀಮೆಯ ಕಾಗೋಡಿನ ರೈತ ಸತ್ಯಾಗ್ರಹ. 1951ರಲ್ಲಿ ಗೇಣಿ ಭತ್ತ ಅಳೆಯುವ ಕೊಳಗ ಸರಿಯಾಗಿರಲಿ ಅಂತ ಕೇಳಿದ್ದಕ್ಕೆ ರೈತರು ಗದ್ದೆ ಕಳೆದುಕೊಂಡರು, ಗದ್ದೆಗಿಳಿದು ಉತ್ತವರು ಜೈಲಿಗೆ ಹೋದರು. ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾಗಿದ್ದು, ಹೋರಾಟ ನಡೆಸಿದ ಗಣಪತಿಯಪ್ಪ, ಗೋಪಾಲಗೌಡರು, ಎಲ್ಲ ಪುಸ್ತಕದಲ್ಲಿದೆ. ಮುತ್ತಜ್ಜ ಜೈಲಿನಲ್ಲಿದ್ದ ಆ ಮಳೆಗಾಲದಲ್ಲಿ ಮನೆಯಲ್ಲಿ ಏನು ಬೇಯಿಸಿದರು, ದನ ಯಾರು ನೋಡಿಕೊಂಡರು, ಯಾರು ಕದ್ದುಮುಚ್ಚಿ ಅಕ್ಕಿ ಕೊಟ್ಟರು, ಇದು ಯಾವ ಪುಸ್ತಕದಲ್ಲೂ ಇಲ್ಲ. ಅದು ಗೊತ್ತಿರೋದು ಆಗ ಸಣ್ಣ ಹುಡುಗಿಯಾಗಿದ್ದ ಅಜ್ಜಿಗೆ ಮಾತ್ರ.

ಅಜ್ಜಿ ಹೇಳಿದ್ದನ್ನು ಬರೆದಿಡ್ತೀನಿ ಅಂತ ನೀನು ಹೇಳುತ್ತಲೇ ಇದ್ದೀಯ. ಬರಿ, ಬೇಡ ಅನ್ನಲ್ಲ. ಆದರೆ ಮೊದಲು ರೆಕಾರ್ಡ್ ಮಾಡು. ಮಳೆ ಜೋರಿದ್ದಾಗ ಜಗಲಿಯಲ್ಲಿ ಬೇಡ, ತಗಡಿನ ಸದ್ದಿಗೆ ಏನೂ ಕೇಳಲ್ಲ. ಒಳಗೆ ಒಲೆ ಹತ್ತಿರ ಕೂರಿಸು. ಅವಳ ಮಾತನ್ನು ಎಲ್ಲೂ ತಿದ್ದಬೇಡ, ನಡುವೆ ಬಾಯಿ ಹಾಕಬೇಡ. ಟೀಚರ್ ಆಗಿ ನಿನಗೆ ಅದು ಕಷ್ಟ ಅಂತ ಗೊತ್ತು. 1974ರ ಭೂಸುಧಾರಣೆ ಕಾನೂನು ಬಂದ ಆಮೇಲೆ ಗೇಣಿ ಗದ್ದೆ ನಮ್ಮ ಹೆಸರಿಗೆ ಆದ ದಿನದ ಬಗ್ಗೆಯೂ ಕೇಳು. ಉಳುವವರು ನಾವೇ, ಗದ್ದೆ ನಮಗೆ ಕೊಡಿ ಅಂತ ಡಿಕ್ಲರೇಶನ್ ಅರ್ಜಿ ಹಾಕೋಕೆ ಅಜ್ಜನ ಜೊತೆ ಸಾಗರಕ್ಕೆ ಯಾರು ಹೋಗಿದ್ದರು ಅನ್ನೋದೂ ಅವಳಿಗೇ ಗೊತ್ತು. ಅವಳು ಆಚೆ ಈಚೆ ಹೋಗಿ ದನದ ಕಥೆ ಹೇಳಿದರೂ ಹೇಳಲಿ, ನಿಲ್ಲಿಸಬೇಡ.

ಗೂಗಲ್ ಡ್ರೈವ್‌ಗೆ ಹಾಕಿ ಲಿಂಕ್ ಕಳಿಸು. ತಮ್ಮನಿಗೂ ಒಂದು ಕಾಪಿ ಕೊಟ್ಟಿರು, ಒಂದೇ ಫೋನಿನಲ್ಲಿ ಇಡಬೇಡ. ಅಪ್ಪ ಅಮ್ಮನಿಗೆ ನಮಸ್ಕಾರ ಹೇಳು.

ಇಂತಿ,
ನಿನ್ನ ತಂಗಿ