ಅಂಗಡಿಗೆ ಲೈಸೆನ್ಸ್ ಇದೆ, ಕೆಲಸ ಮಾಡುವವರಿಗೆ ಇಲ್ಲ

ಸಂಪಾದಕರಿಗೆ ನಮಸ್ಕಾರ.

ಸ್ಪಾ ಮೇಲೆ ಪೊಲೀಸ್ ದಾಳಿ ಆಯ್ತು ಅಂತ ನಿಮ್ಮ ಪತ್ರಿಕೆಯಲ್ಲಿ ಆಗಾಗ ಸುದ್ದಿ ಬರುತ್ತದೆ. ‘ಮಸಾಜ್ ಸೋಗಿನಲ್ಲಿ ದಂಧೆ’ ಅಂತ ದೊಡ್ಡ ತಲೆಬರಹ, ಕೆಳಗೆ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಕೂತ ಹುಡುಗಿಯರ ಫೋಟೊ. ಬರೆಯಬೇಡಿ ಅಂತ ನಾನು ಹೇಳುತ್ತಿಲ್ಲ. ಅಂಥ ಜಾಗಗಳು ಇರುವುದು ನಿಜ. ಕೆಲಸ ಕೊಡಿಸುತ್ತೇವೆ ಅಂತ ದೂರದ ಊರುಗಳಿಂದ ಹುಡುಗಿಯರನ್ನು ಕರೆತಂದು ಸಿಕ್ಕಿಸುವವರು ಇರುವುದೂ ನಿಜ, ಅವರನ್ನು ಹಿಡಿದು ಒಳಗೆ ಹಾಕಲಿ. ನನ್ನ ತಕರಾರು ಬೇರೆ. ಆ ಸುದ್ದಿ ಬಂದ ದಿನ ನನ್ನ ಹತ್ತಿರ ಅಪಾಯಿಂಟ್‌ಮೆಂಟ್ ತಗೊಂಡಿದ್ದ ಒಬ್ಬಿಬ್ಬರು ಫೋನ್ ಮಾಡಿ ‘ಈ ವಾರ ಬೇಡ, ಮನೇಲಿ ಏನೇನೋ ಅಂತಾರೆ’ ಅನ್ನುತ್ತಾರೆ. ಅದೇ ಪತ್ರಿಕೆಯ ಒಳಪುಟದ ಕ್ಲಾಸಿಫೈಡ್‌ನಲ್ಲಿ ಮಾತ್ರ ಹೆಸರಿಲ್ಲದ, ವಿಳಾಸವಿಲ್ಲದ, ಬರೀ ಒಂದು ಮೊಬೈಲ್ ನಂಬರ್ ಇರುವ ‘ಬಾಡಿ ಮಸಾಜ್’ ಜಾಹೀರಾತು ಆರಾಮಾಗಿ ಕೂತಿರುತ್ತದೆ.

ನಾನು ಮೈಸೂರಿನಲ್ಲಿ ಹೆಂಗಸರಿಗೆ ಮಾತ್ರ ಮಸಾಜ್ ಮಾಡುವ ಸಣ್ಣ ಜಾಗ ನಡೆಸುತ್ತೇನೆ. ಎರಡು ಕೋಣೆ, ಎಣ್ಣೆ ಮಸಾಜ್‌ಗೆ ಮಲಗಿಸುವ ಒಂದು ಮರದ ದ್ರೋಣಿ, ಒಂದು ಟೇಬಲ್, ಸಹಾಯಕ್ಕೆ ಒಬ್ಬಳು ಹುಡುಗಿ. ಪಂಚಕರ್ಮ ಥೆರಪಿ ಕಲಿತದ್ದು ಕೇರಳದಲ್ಲಿ, ಆಮೇಲೆ ರೆಸಾರ್ಟ್‌ಗಳಲ್ಲಿ ಕೆಲಸ ಮಾಡಿ, ಕೊನೆಗೆ ಸ್ವಂತದ್ದು ಮಾಡೋಣ ಅಂತ ಇಲ್ಲಿ ಬಂದು ಕೂತೆ.

ಹೇಳಬೇಕಾಗಿರುವುದು ಒಂದೇ ವಿಷಯ. ನಮ್ಮ ಕಸುಬಿನಲ್ಲಿ ಅಂಗಡಿಗೆ ಲೈಸೆನ್ಸ್ ಇದೆ, ಮಸಾಜ್ ಮಾಡುವವರಿಗೆ ಇಲ್ಲ. ಪಾಲಿಕೆ ಕೊಡುವ ಟ್ರೇಡ್ ಲೈಸೆನ್ಸ್‌ನಲ್ಲಿ ಜಾಗ ಇರುತ್ತೆ, ಮಾಲೀಕರ ಹೆಸರು ಇರುತ್ತೆ. ಒಳಗೆ ಮಸಾಜ್ ಮಾಡುವವರಿಗೆ ಏನು ಬರುತ್ತೆ, ಎಲ್ಲಿ ಕಲಿತಿದ್ದಾರೆ, ಯಾರಾದರೂ ದೂರು ಕೊಟ್ಟಿದ್ದಾರಾ, ಇದ್ಯಾವುದನ್ನೂ ಅದು ಹೇಳುವುದಿಲ್ಲ. ಆಯುರ್ವೇದ ಕ್ಲಿನಿಕ್ ಆದರೆ ಡಾಕ್ಟರ್ ಇರುತ್ತಾರೆ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಆಗಬೇಕು. ಫಿಸಿಯೋಥೆರಪಿಸ್ಟ್‌ಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ಕಾನೂನನ್ನೇ ಮಾಡಿತು. ನಾವು ಇವೆರಡರ ನಡುವೆ ಎಲ್ಲೂ ಸೇರದೆ ನಿಂತಿದ್ದೇವೆ. ಕೌಶಲ ಯೋಜನೆಯಲ್ಲಿ ಸ್ಪಾ ಥೆರಪಿಸ್ಟ್ ಅಂತ ಕೋರ್ಸ್ ಇದೆ, ಸರ್ಟಿಫಿಕೇಟ್ ಕೊಡುತ್ತಾರೆ, ಒಳ್ಳೆಯದೇ. ಆದರೆ ಅದು ಇದ್ದವರೇ ಕೆಲಸ ಮಾಡಬೇಕು ಅಂತ ಏನೂ ಇಲ್ಲ. ತಪ್ಪು ಮಾಡಿದವರ ಹೆಸರನ್ನು ಹೊಡೆದುಹಾಕಲು ಒಂದು ಪಟ್ಟಿಯೂ ಇಲ್ಲ. ಹಾಗಾಗಿ ವರ್ಷಗಟ್ಟಲೆ ಕಲಿತವಳೂ, ನಿನ್ನೆ ಯೂಟ್ಯೂಬ್ ನೋಡಿ ಇವತ್ತು ಟವೆಲ್ ಹಿಡಿದವರೂ ಒಂದೇ ಬೋರ್ಡ್ ಹಾಕಿಕೊಂಡು ಕೂರಬಹುದು.

ಇದರಿಂದ ಏನಾಗುತ್ತೆ ಅಂದರೆ, ಮನೆ ಮಾಲೀಕರಿಂದ ಹಿಡಿದು ಬ್ಯಾಂಕಿನವರೆಗೆ ಎಲ್ಲರೂ ನಮ್ಮನ್ನು ಮುಖ ನೋಡಿಯೇ ಅಳೆಯಬೇಕು. ಬಾಡಿಗೆಗೆ ಜಾಗ ಹುಡುಕುವಾಗ ‘ಏನು ಬಿಸಿನೆಸ್ ಅಮ್ಮ?’ ಅಂತ ನಗುತ್ತಾ ಕೇಳಿದ ಯಜಮಾನರು ಮಸಾಜ್ ಅನ್ನುತ್ತಿದ್ದಂತೆ ಒಳಗಿದ್ದ ಹೆಂಡತಿಯನ್ನು ಕರೆದು, ಅವರು ‘ಮಗಳ ಮದುವೆ ಮಾತುಕತೆ ನಡೀತಿದೆ, ಬೇಡ ಕಣಮ್ಮ’ ಅಂದು ಕಳಿಸಿದ್ದಾರೆ. ಕೊಟ್ಟವರು ಅಡ್ವಾನ್ಸ್ ಜಾಸ್ತಿ ಕೇಳಿದರು, ಬೋರ್ಡ್‌ನಲ್ಲಿ ಮಸಾಜ್ ಅನ್ನೋ ಪದ ಇರಬಾರದು ಅಂದರು. ಈಗ ಬೋರ್ಡ್‌ನಲ್ಲಿ ‘ವೆಲ್‌ನೆಸ್’ ಅಂತಿದೆ. ಜಿಮ್ ಅಂದುಕೊಂಡು ಬಂದು ಟ್ರೆಡ್‌ಮಿಲ್ ಎಲ್ಲಿ ಅಂತ ಕೇಳುವವರೂ ಇದ್ದಾರೆ! ಸಾಲಕ್ಕೆ ಹೋದಾಗ ಬ್ಯಾಂಕಿನವರು ಒಬ್ಬರು, ಕೆಟ್ಟವರಲ್ಲ ಪಾಪ, ಫಾರಂ ವಾಪಸ್ ಕೊಟ್ಟು ‘ಬ್ಯೂಟಿ ಪಾರ್ಲರ್ ಅಂತ ಬರೆದುಕೊಂಡು ಬನ್ನಿ, ಮೇಲಿನವರು ಪ್ರಶ್ನೆ ಕೇಳಲ್ಲ’ ಅಂತ ಬುದ್ಧಿ ಹೇಳಿದರು.

ಇನ್ನು ಫೋನ್. ಗೂಗಲ್ ಮ್ಯಾಪ್‌ನಲ್ಲಿ ನಂಬರ್ ಹಾಕದಿದ್ದರೆ ಗಿರಾಕಿ ಬರಲ್ಲ, ಹಾಕಿದರೆ ರಾತ್ರಿ ಹನ್ನೊಂದರ ಮೇಲೆ ‘ಎಕ್ಸ್‌ಟ್ರಾ ಸರ್ವಿಸ್ ಇದೆಯಾ ಮೇಡಂ’ ಅಂತ ಶುರು. ಹೆಂಗಸರಿಗೆ ಮಾತ್ರ ಅಂತ ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಬರೆದಿದ್ದೇನೆ, ಓದೋಕೆ ಬರುವವರೇ ಕೇಳುತ್ತಾರೆ.

ತಮಾಷೆ ಏನು ಗೊತ್ತಾ, ನಮ್ಮೂರಲ್ಲಿ ಮಾಲೀಶು ಹೊಸದೇನಲ್ಲ. ಗರಡಿ ಮನೆಯಲ್ಲಿ ಪೈಲ್ವಾನರಿಗೆ ಮೈ ತಿಕ್ಕುವವರನ್ನು ಯಾರೂ ಅನುಮಾನದಿಂದ ನೋಡಿಲ್ಲ. ಬಾಣಂತಿಗೆ ಎಣ್ಣೆ ಹಚ್ಚಿ ನೀರು ಹಾಕಲು ಬರುವ ಅಜ್ಜಿಯನ್ನು ಬಚ್ಚಲುಮನೆವರೆಗೂ ಕರೆದುಕೊಂಡು ಹೋಗಿ, ಎಳೇ ಮಗುವನ್ನು ಅವರ ಕಾಲ ಮೇಲೆ ಮಲಗಿಸಿ, ಕೊನೆಗೆ ಎಲೆ ಅಡಿಕೆ ಸೀರೆ ಕೊಟ್ಟು ಕಳಿಸುತ್ತಾರೆ. ಅದೇ ಎಣ್ಣೆ, ಅದೇ ಕೈ. ಬಾಗಿಲಿಗೆ ಬೋರ್ಡ್ ಹಾಕಿ ರಸೀದಿ ಕೊಟ್ಟ ಕೂಡಲೇ ಅನುಮಾನ.

ಮಾನದ ಮಾತು ಒಂದು ಕಡೆ ಇರಲಿ, ಲೈಸೆನ್ಸ್ ಬೇಕು ಅನ್ನುವುದಕ್ಕೆ ಅದಕ್ಕಿಂತ ದೊಡ್ಡ ಕಾರಣ ಇದೆ. ಗೋಕುಲಂ ಕಡೆ ಯೋಗ ಕಲಿಯಲು ಹೊರದೇಶದಿಂದ ಜನ ಬರುವುದು ನಿಮಗೆ ಗೊತ್ತಿರುವುದೇ, ನಮಗೆ ಅವರಿಂದಲೂ ಸ್ವಲ್ಪ ವ್ಯಾಪಾರ. ಅಂಥ ಒಬ್ಬರು ವಿಮಾನ ಇಳಿದು ಎರಡೇ ದಿನಕ್ಕೆ ಬಂದಿದ್ದರು, ಎಡಗಾಲಿನ ಮೀನಖಂಡ ಹಿಡಿದುಕೊಂಡಿದೆ, ಚೆನ್ನಾಗಿ ಒತ್ತಿ ಅಂದರು. ಮುಟ್ಟಿ ನೋಡಿದೆ. ಬಲಗಾಲಿಗಿಂತ ದಪ್ಪ, ಬಿಸಿ, ಚರ್ಮ ಬಿಗಿದುಕೊಂಡಿತ್ತು, ಬೆರಳು ಇಟ್ಟರೆ ನೋವು. ಗಂಟೆಗಟ್ಟಲೆ ಕೂತು ಪ್ರಯಾಣ ಮಾಡಿದವರಿಗೆ ಕಾಲಿನ ಒಳ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು ಇದೆ, ಅದನ್ನು ಒತ್ತಿ ತಿಕ್ಕಿದರೆ ಹೆಪ್ಪು ಬಿಟ್ಟುಕೊಂಡು ಶ್ವಾಸಕೋಶಕ್ಕೆ ಹೋಗಬಹುದು, ಜೀವಕ್ಕೇ ಅಪಾಯ. ನಾನು ಎಣ್ಣೆ ಬಟ್ಟಲು ಪಕ್ಕಕ್ಕಿಟ್ಟು ಮಸಾಜ್ ಮಾಡಲ್ಲ, ಮೊದಲು ಆಸ್ಪತ್ರೆಗೆ ಹೋಗಿ ಸ್ಕ್ಯಾನ್ ಮಾಡಿಸಿ ಅಂದೆ. ಅವರಿಗೆ ಸಿಟ್ಟು ಬಂತು. ದುಡ್ಡು ಕೊಡದೆ ಎದ್ದು ಹೋದರು, ಸಂಜೆ ಗೂಗಲ್‌ನಲ್ಲಿ ಒಂದು ಸ್ಟಾರ್ ಬಿತ್ತು. ಅದು ಇನ್ನೂ ಅಲ್ಲೇ ಇದೆ.

ಇದೇ ಕಾಲನ್ನು ಏನೂ ಕಲಿಯದವರು ಒತ್ತಿದ್ದರೆ? 2024ರಲ್ಲಿ ಬಳ್ಳಾರಿಯ ಯುವಕರೊಬ್ಬರಿಗೆ ಕ್ಷೌರದಂಗಡಿಯಲ್ಲಿ ತಲೆ ಮಸಾಜ್ ಮಾಡುವಾಗ ಕುತ್ತಿಗೆ ಲಟಕ್ ಅಂತ ತಿರುವಿದ ಮೇಲೆ ಪಾರ್ಶ್ವವಾಯು ಹೊಡೆದ ಸುದ್ದಿಯನ್ನು ಎಲ್ಲ ಪೇಪರ್‌ಗಳೂ ಹಾಕಿದ್ದವು. ಕುತ್ತಿಗೆಯಲ್ಲಿ ಮಿದುಳಿಗೆ ಹೋಗುವ ರಕ್ತನಾಳ ಇದೆ, ಜೋರಾಗಿ ತಿರುವಿದರೆ ಅದರ ಒಳಪದರ ಹರಿಯಬಹುದು. ನಮಗೆ ಕಲಿಸುವಾಗ ಇದನ್ನು ಮೊದಲೇ ಹೇಳುತ್ತಾರೆ. ಜ್ವರ ಇದ್ದರೆ ಬೇಡ, ಹತೋಟಿಗೆ ಬಾರದ ಬಿಪಿ ಇದ್ದರೆ ಬೇಡ, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ಕೇಳಿಕೊಂಡು ಮಾಡಿ, ಬಸುರಿಯಾದರೆ ಡಾಕ್ಟರ್ ಹೇಳದೆ ಮುಟ್ಟಬೇಡಿ. ಎಣ್ಣೆ ಹಚ್ಚುವ ಮುಂಚೆ ಈ ಪ್ರಶ್ನೆಗಳನ್ನು ಕೇಳುವ ಜಾಗ ಎಷ್ಟಿದೆ ಅಂತ ನೀವೇ ಒಂದು ಸುತ್ತು ಹಾಕಿ ನೋಡಿ.

ನಮ್ಮ ಮೈಯ ಕಥೆ ಯಾರೂ ಕೇಳುವುದಿಲ್ಲ. ಮಸಾಜ್ ಮಾಡುವವರ ಮೊದಲ ಬಂಡವಾಳ ಹೆಬ್ಬೆರಳು, ಮೊದಲು ಹೋಗುವುದೂ ಅದೇ. ಹೆಬ್ಬೆರಳ ಬುಡದ ಕೀಲು ಸವೆಯುತ್ತೆ, ಮಣಿಕಟ್ಟು ಜೋಮು ಹಿಡಿಯುತ್ತೆ, ರಾತ್ರಿ ಕೈ ಮರಗಟ್ಟಿ ಎಚ್ಚರ ಆಗುತ್ತೆ. ಅದಕ್ಕೇ ಮುಂಗೈ, ಮೊಣಕೈ ಬಳಸಿ, ತೋಳಿನ ಬಲದಲ್ಲಿ ಒತ್ತದೆ ಮೈ ಭಾರ ಬಿಟ್ಟು ಕೆಲಸ ಮಾಡಬೇಕು. ಟೇಬಲ್ ಎತ್ತರ ನಾವು ನೆಟ್ಟಗೆ ನಿಂತು ಮುಷ್ಟಿ ಹಿಡಿದರೆ ಗೆಣ್ಣು ತಾಗುವಷ್ಟಿರಬೇಕು. ನಾನಿದ್ದ ಒಂದು ರೆಸಾರ್ಟ್‌ನಲ್ಲಿ ಟೇಬಲ್ ನೋಡೋಕೆ ಬಲು ಚೆಂದ, ತೇಗದ್ದು, ಎತ್ತರ ಬದಲಾಯಿಸುವಂತಿರಲಿಲ್ಲ. ಐದಡಿ ಹುಡುಗಿಯೂ ಆರಡಿ ಹುಡುಗನೂ ಅದರ ಮೇಲೆಯೇ ಕೆಲಸ ಮಾಡಬೇಕು. ಸೀಸನ್‌ನಲ್ಲಿ ಒಬ್ಬರಾದ ಮೇಲೆ ಒಬ್ಬರು, ನಡುವೆ ಬೆಡ್‌ಶೀಟ್ ಬದಲಾಯಿಸುವಷ್ಟು ಹೊತ್ತು ಮಾತ್ರ. ಕೈ ಹೋದ ಮೇಲೆ ಪೆನ್ಷನ್ ಇಲ್ಲ, ಪರಿಹಾರ ಇಲ್ಲ, ಇದನ್ನು ಕಸುಬಿನಿಂದ ಬಂದ ಕಾಯಿಲೆ ಅಂತ ಒಪ್ಪುವವರೂ ಇಲ್ಲ.

ದುಡ್ಡಿನ ಲೆಕ್ಕ ಕೇಳಿದರೆ ನಗುತ್ತೀರಿ. ಗಂಟೆಗೆ 1200 ರೂಪಾಯಿ ಅಂದರೆ ಜನ ‘ಅಬ್ಬಾ’ ಅನ್ನುತ್ತಾರೆ. ಅದರಲ್ಲಿ ಬಾಡಿಗೆ, ಹುಡುಗಿಯ ಸಂಬಳ, ಬಿಸಿನೀರಿನ ಕರೆಂಟು, ಎಣ್ಣೆ. ಬರೀ ಎಳ್ಳೆಣ್ಣೆ ಆದರೆ ಪರವಾಗಿಲ್ಲ, ಧನ್ವಂತರಂ, ಕ್ಷೀರಬಲಾ ತೈಲ ಅಂದರೆ ಬೆಲೆ ಎಲ್ಲಿಗೋ ಹೋಗುತ್ತೆ. ಬೆಡ್‌ಶೀಟು, ಟವೆಲ್‌ಗಳದ್ದು ಇನ್ನೊಂದು ಕಥೆ. ಎಷ್ಟು ಒಗೆದರೂ ಎಣ್ಣೆ ಪೂರ್ತಿ ಬಿಡಲ್ಲ, ಕಮಟು ವಾಸನೆ ಬಂದರೆ ಬಿಸಾಡಲೇಬೇಕು. ಎಣ್ಣೆ ಉಳಿದಿರುವ ಟವೆಲ್‌ಗಳನ್ನು ಡ್ರೈಯರ್‌ನಿಂದ ಬಿಸಿಬಿಸಿ ತೆಗೆದು ರಾಶಿ ಹಾಕಿದರೆ ತಾನಾಗಿಯೇ ಹೊತ್ತಿಕೊಳ್ಳಬಹುದು, ಹಾಗಾಗಿ ನಾನು ಬಿಸಿಲಿಗೇ ಹಾಕುತ್ತೇನೆ, ಮಳೆಗಾಲದಲ್ಲಿ ಒದ್ದಾಟ. ಇದರ ಮೇಲೆ, ಪಕ್ಕದ ರಸ್ತೆಯ ದೊಡ್ಡ ಸ್ಪಾದವರು ಹತ್ತು ಸಿಟ್ಟಿಂಗ್‌ಗೆ ಮುಂಗಡ ತಗೊಂಡು ಅರ್ಧ ಬೆಲೆಗೆ ಪ್ಯಾಕೇಜ್ ಮಾರುತ್ತಾರೆ. ಗಿರಾಕಿಗೆ ಖುಷಿ. ಒಂದು ದಿನ ಶಟರ್ ಎಳೆದು ಹೋದರೆ ಆ ದುಡ್ಡೂ ಹೋಯ್ತು, ಅಲ್ಲಿನ ಹುಡುಗಿಯರ ಎರಡು ತಿಂಗಳ ಸಂಬಳವೂ ಹೋಯ್ತು. 2025ರ ಸೆಪ್ಟೆಂಬರ್‌ನಲ್ಲಿ ಸಲೂನು, ಸ್ಪಾಗಳ ಜಿಎಸ್‌ಟಿ 18ರಿಂದ 5 ಪರ್ಸೆಂಟ್‌ಗೆ ಇಳಿಯಿತು, ಒಳ್ಳೆಯದಾಯ್ತು. ನನ್ನಂಥವರ ವ್ಯವಹಾರ ಜಿಎಸ್‌ಟಿ ಶುರುವಾಗುವ ವರ್ಷಕ್ಕೆ 20 ಲಕ್ಷದ ಮಿತಿಯನ್ನು ಮುಟ್ಟುವುದೇ ಇಲ್ಲ, ಆ ಇಳಿಕೆ ನಮ್ಮ ಮನೆ ಬಾಗಿಲಿಗೆ ಬರಲಿಲ್ಲ.

ಆಪ್ ಮೂಲಕ ಮನೆಮನೆಗೆ ಹೋಗುವ ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ನನ್ನ ಗೆಳತಿಯೊಬ್ಬಳು ಮಡಚುವ ಬೆಡ್ ಹೊತ್ತುಕೊಂಡು ಗೊತ್ತಿಲ್ಲದ ಫ್ಲಾಟ್‌ಗಳಿಗೆ ಹೋಗುತ್ತಿದ್ದಳು. ಬುಕ್ ಮಾಡಿದ್ದು ಹೆಂಗಸಿನ ಹೆಸರಲ್ಲಿ, ಬಾಗಿಲು ತೆಗೆದದ್ದು ಗಂಡಸು. ವಾಪಸ್ ಬಂದರೆ ಕ್ಯಾನ್ಸಲ್ ಮಾಡಿದ ಲೆಕ್ಕ, ರೇಟಿಂಗ್ ಬೀಳುತ್ತೆ, ಮುಂದಿನ ವಾರ ಕೆಲಸ ಕಮ್ಮಿ. ಹೀಗೆ ಆಪ್ ಮೂಲಕ ದುಡಿಯುವವರಿಗೆ ಅಂತ ನಮ್ಮ ರಾಜ್ಯ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ಮಾಡಿದೆ, ಕೆಲಸಗಾರರಿಗೆ ಕೊಡುವ ಹಣದ ಮೇಲೆ ಆಪ್ ಕಂಪನಿಗಳು 1ರಿಂದ 5 ಪರ್ಸೆಂಟ್ ಕಲ್ಯಾಣ ಶುಲ್ಕ ಕಟ್ಟಬೇಕು. ಗಿಗ್ ಅಂದ ತಕ್ಷಣ ಎಲ್ಲರ ಕಣ್ಣಿಗೆ ಬರುವುದು ಬೈಕಿನ ಮೇಲೆ ಊಟ ತರುವ ಹುಡುಗರು. ಮುಚ್ಚಿದ ಬಾಗಿಲ ಹಿಂದೆ ಒಬ್ಬಳೇ ಕೆಲಸ ಮಾಡುವವಳಿಗೆ ವಿಮೆಗಿಂತ ಮೊದಲು ಬೇಕಾಗಿರುವುದು ‘ಇಲ್ಲಿಂದ ಎದ್ದು ಬಂದೆ’ ಅಂದರೆ ನಂಬುವ ವ್ಯವಸ್ಥೆ.

ಸರ್ಕಾರಕ್ಕೆ ಹೊಳೆಯುವ ಉಪಾಯ ಮಾತ್ರ ಒಂದೇ: ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು. ದಿಲ್ಲಿಯಲ್ಲಿ 2021ರಲ್ಲಿ ಹೀಗೊಂದು ನಿಯಮ ತಂದರು, ಅದೇ ಡಿಸೆಂಬರ್‌ನಲ್ಲಿ ಹೈಕೋರ್ಟ್ ತಡೆ ಕೊಟ್ಟಿತು. ನಾನು ಹೆಂಗಸರಿಗೆ ಮಾತ್ರ ಮಾಡುತ್ತೇನೆ, ಅದು ನನ್ನ ಇಷ್ಟ, ನನಗೆ ಅದೇ ಆರಾಮ. ಆದರೆ ಅದನ್ನೇ ಕಾನೂನು ಮಾಡಿದರೆ ದಂಧೆ ನಿಲ್ಲುತ್ತೆ ಅಂತ ನನಗನಿಸುವುದಿಲ್ಲ. ದಂಧೆಯವರು ಬೋರ್ಡ್ ಬದಲಾಯಿಸುತ್ತಾರೆ, ಕಲಿತವರು ಕೆಲಸ ಕಳಕೊಳ್ಳುತ್ತಾರೆ ಅಷ್ಟೇ.

ಕೆನಡಾದ ಒಂಟಾರಿಯೊದಲ್ಲಿ ಮಸಾಜ್ ಥೆರಪಿಗೆ ಪ್ರತ್ಯೇಕ ಕಾನೂನೇ ಇದೆ. ಕಲಿತು, ಪರೀಕ್ಷೆ ಪಾಸಾಗಿ, ಹೆಸರು ನೋಂದಾಯಿಸಬೇಕು. ಯಾರು ಬೇಕಾದರೂ ಆ ಪಟ್ಟಿಯಲ್ಲಿ ಹೆಸರು ಹುಡುಕಿ ನೋಡಬಹುದು, ತಪ್ಪು ಮಾಡಿದರೆ ನೋಂದಣಿ ಹೋಗುತ್ತೆ. ಅಷ್ಟು ದೂರ ಬೇಡ ಅಂದರೆ ಪಕ್ಕದ ಕೇರಳ ನೋಡಿ. ಅಲ್ಲಿನ ಪ್ರವಾಸೋದ್ಯಮ ಇಲಾಖೆ ಆಯುರ್ವೇದ ಕೇಂದ್ರಗಳಿಗೆ ಗ್ರೀನ್ ಲೀಫ್, ಆಲಿವ್ ಲೀಫ್ ಅಂತ ದರ್ಜೆ ಕೊಡುವ ಪದ್ಧತಿ ತಂದಿತು. ಅದು ಕೇಂದ್ರಕ್ಕೆ ಸಿಗುವ ದರ್ಜೆ, ಕೆಲಸ ಮಾಡುವವರಿಗಲ್ಲ, ಆದರೂ ಬಂದವರಿಗೆ ಹಿಡಿದುಕೊಳ್ಳಲು ಏನೋ ಒಂದಿದೆ. ನಮ್ಮಲ್ಲಿ? ಕೈಕಸುಬಿನವರಿಗೆ ಅಂತ ಕೇಂದ್ರ ಸರ್ಕಾರ ಮಾಡಿದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ, ಕ್ಷೌರಿಕರಿದ್ದಾರೆ, ಬಟ್ಟೆ ಒಗೆಯುವವರಿದ್ದಾರೆ, ಹೂಮಾಲೆ ಕಟ್ಟುವವರಿದ್ದಾರೆ, ಇರಲೇಬೇಕು. ಮೈ ನೀವುವವರಿಲ್ಲ. ಕೈಯಲ್ಲೇ ಮಾಡುವ ಕಸುಬು ಅಂದರೆ ಇದಕ್ಕಿಂತ ಇನ್ನೇನು ಬೇಕಿತ್ತೋ ಗೊತ್ತಿಲ್ಲ.

ರಾಜ್ಯ ಸರ್ಕಾರ ಒಂದು ನೋಂದಣಿ ಪಟ್ಟಿ ಮಾಡಲಿ. ಫೋಟೊ ಇರುವ ಕಾರ್ಡ್, ನಂಬರ್, ಆನ್‌ಲೈನ್‌ನಲ್ಲಿ ಯಾರು ಬೇಕಾದರೂ ನೋಡುವಂತಿರಲಿ. ಸರ್ಟಿಫಿಕೇಟ್ ಇಲ್ಲದ ಬಾಣಂತಿ ಅಜ್ಜಿಯರನ್ನು, ಗರಡಿ ಉಸ್ತಾದರನ್ನು ಹೊರಗಿಡಬೇಡಿ, ಕೆಲಸ ಮಾಡಿಸಿ ನೋಡಿ ಕಾರ್ಡ್ ಕೊಡಿ, ಯಾವಾಗ ಮುಟ್ಟಬಾರದು ಅನ್ನುವುದನ್ನು ಎರಡು ದಿನ ಕೂರಿಸಿ ಹೇಳಿಕೊಡಿ. ದಾಳಿಗೆ ಬರುವ ಪೊಲೀಸರು ಮೊದಲು ಆ ಕಾರ್ಡ್ ಕೇಳಲಿ. ಈಗ ಬಂದರೆ ನಾನು ತೋರಿಸಬಹುದಾದ್ದು ಪಾಲಿಕೆಯ ಕಾಗದ ಮತ್ತು ಗೋಡೆಗೆ ನೇತುಹಾಕಿದ ಮಲಯಾಳಂ ಸರ್ಟಿಫಿಕೇಟ್, ಅದನ್ನು ಓದಲು ಅವರಿಗೂ ಬರಲ್ಲ.

ನಿಮ್ಮಲ್ಲಿ ಕೇಳುವುದು ಇನ್ನೂ ಸುಲಭದ್ದು. ವಿಳಾಸ, ಲೈಸೆನ್ಸ್ ನಂಬರ್ ಇಲ್ಲದ ಮಸಾಜ್ ಜಾಹೀರಾತು ತಗೊಳ್ಳಬೇಡಿ. ದಾಳಿಯ ಸುದ್ದಿಯಲ್ಲಿ ಆ ಜಾಗಕ್ಕೆ ಲೈಸೆನ್ಸ್ ಇತ್ತಾ, ಮಾಲೀಕರ ಮೇಲೆ ಕೇಸ್ ಆಯ್ತಾ ಅನ್ನುವುದನ್ನೂ ಒಂದು ಸಾಲು ಬರೆಯಿರಿ, ಹುಡುಗಿಯರ ಫೋಟೊ ಹಾಕದಿದ್ದರೂ ಸುದ್ದಿ ಸುದ್ದಿಯೇ ಅಲ್ವಾ?

ನನ್ನ ಹೆಸರು, ವಿಳಾಸ, ಮೊಬೈಲ್ ನಂಬರ್ ಬೇರೆ ಹಾಳೆಯಲ್ಲಿ ಬರೆದು ಇಟ್ಟಿದ್ದೇನೆ, ಅದು ನಿಮಗೆ ಮಾತ್ರ. ದಯವಿಟ್ಟು ನಂಬರ್ ಅಚ್ಚು ಹಾಕಬೇಡಿ, ಹಾಕಿದರೆ ಹನ್ನೊಂದು ಗಂಟೆಯ ಫೋನ್‌ಗಳನ್ನು ನಿಮ್ಮ ಆಫೀಸಿಗೇ ತಿರುಗಿಸಬೇಕಾಗುತ್ತೆ.

ಇಂತಿ,
ಒಬ್ಬ ಮಸಾಜ್ ಥೆರಪಿಸ್ಟ್, ಮೈಸೂರು