ಆರ್‌ಸಿ ನನ್ನ ಹೆಸರಿಗೆ ಬಂತು, ಇನ್ಶೂರೆನ್ಸ್ ಬರಲಿಲ್ಲ

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ನಾನು ಅಣ್ಣಿಗೇರಿಯಲ್ಲಿ ಬೀಜ-ಗೊಬ್ಬರದ ಅಂಗಡಿ ನಡೆಸುವವನು. ಹಳೆಯ ಕಾರು ಕೊಂಡು ನಾನು ಅನುಭವಿಸಿದ್ದನ್ನು ನಮ್ಮ ಭಾಗದ ಬೇರೆಯವರು ಅನುಭವಿಸಬಾರದು ಎಂದು ಈ ಪತ್ರ.

ತಾಯಿಯವರನ್ನು ವಾರಕ್ಕೊಮ್ಮೆ ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಬಸ್ಸಿನ ಪ್ರಯಾಣ ಅವರಿಗೆ ತಡೆಯುತ್ತಿರಲಿಲ್ಲ. ಮಾರ್ಚ್‌ನಲ್ಲಿ ಹುಬ್ಬಳ್ಳಿಯ ಏಜೆಂಟರೊಬ್ಬರ ಮೂಲಕ ಏಳು ವರ್ಷ ಹಳೆಯ, 1,197 ಸಿಸಿಯ ಪೆಟ್ರೋಲ್ ಕಾರನ್ನು 3 ಲಕ್ಷ 40 ಸಾವಿರ ರೂಪಾಯಿಗೆ ಕೊಂಡೆ. ಗುರುತಿನ ಮೆಕ್ಯಾನಿಕ್‌ನನ್ನು ಕರೆದೊಯ್ದು ಇಂಜಿನ್, ಟೈರು, ಬ್ಯಾಟರಿ ಎಲ್ಲ ನೋಡಿಸಿದೆ. ಇನ್ಶೂರೆನ್ಸ್ ಕೇಳಿದ್ದಕ್ಕೆ ಏಜೆಂಟರು, “ಇನ್ನೂ ಎಂಟು ತಿಂಗಳ ಐತ್ರಿ ಸಾವ್ಕಾರ್ರ, ಫುಲ್ ಇನ್ಶೂರೆನ್ಸ್. ನೀವು ಏನೂ ಚಿಂತಿ ಮಾಡಬ್ಯಾಡ್ರಿ” ಅಂದರು. ನಾನು ಮಾಡಲಿಲ್ಲ. ಮಾಲೀಕತ್ವ ವರ್ಗಾವಣೆಯ 29 ಮತ್ತು 30ನೇ ನಮೂನೆಗಳಿಗೆ ಸಹಿಯಾಯಿತು, ಕೆಲವು ವಾರಗಳಲ್ಲಿ ಆರ್‌ಸಿ, ಅಂದರೆ ಗಾಡಿಯ ನೋಂದಣಿ ಪತ್ರ, ನನ್ನ ಹೆಸರಿಗೆ ಬಂತು. ಪಾಲಿಸಿಯ ಕಾಗದವನ್ನು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಹಾಗೆಯೇ ಇಟ್ಟೆ. ಅದರ ಮೇಲೆ ಹಳೆಯ ಮಾಲೀಕರ ಹೆಸರಿತ್ತು. ನೋಡಿದ್ದೆ ಕೂಡ. ಗಾಡಿಯ ನಂಬರು ಸರಿಯಿದೆಯಲ್ಲ, ಸಾಕು ಅಂದುಕೊಂಡಿದ್ದೆ.

ಮೇ ತಿಂಗಳ ಒಂದು ರಾತ್ರಿ ಆಸ್ಪತ್ರೆಯಿಂದ ಮರಳುವಾಗ, ಕುಸುಗಲ್ ದಾಟಿದ ಮೇಲೆ, ಮೇವು ಹೇರಿದ ಟ್ರ್ಯಾಕ್ಟರ್ ಟ್ರೇಲರಿನ ಹಿಂಬದಿಗೆ ನಮ್ಮ ಕಾರು ಬಡಿಯಿತು. ಟ್ರೇಲರಿಗೆ ಹಿಂದಿನ ದೀಪವಿರಲಿಲ್ಲ, ರಿಫ್ಲೆಕ್ಟರ್ ಪಟ್ಟಿಯೂ ಇರಲಿಲ್ಲ. ತಾಯಿಯವರು ಬೆಲ್ಟ್ ಹಾಕಿದ್ದರು, ದೇವರ ದಯೆಯಿಂದ ಇಬ್ಬರಿಗೂ ಏನೂ ಆಗಲಿಲ್ಲ. ಕಾರಿನ ಬಾನೆಟ್, ಬಂಪರ್, ರೇಡಿಯೇಟರ್, ಎರಡೂ ಹೆಡ್‌ಲೈಟು ಹೋದವು. ಗ್ಯಾರೇಜಿನ ಅಂದಾಜು 86 ಸಾವಿರ.

ಕ್ಲೇಮ್ ಹಾಕಿದೆ. ಹಾನಿ ಎಷ್ಟೆಂದು ನೋಡಲು ಬಂದ ವಿಮಾ ಸರ್ವೇಯರ್ ಸಮಾಧಾನದ ಮನುಷ್ಯರು. ಫೋಟೋ ತೆಗೆದರು, ಆರ್‌ಸಿ ನೋಡಿದರು, ಪಾಲಿಸಿ ನೋಡಿದರು, ಎರಡನ್ನೂ ಪಕ್ಕಪಕ್ಕ ಇಟ್ಟು ನನ್ನ ಕಡೆ ತಿರುಗಿದರು. “ಗಾಡಿ ನಿಮ್ಮದರಿ, ಪಾಲಿಸಿ ಅವರದು. ರೊಕ್ಕ ಯಾರಿಗೆ ಕೊಡಬೇಕ್ರಿ?” ನನ್ನ ಬಳಿ ಉತ್ತರವಿರಲಿಲ್ಲ. ಪಾಲಿಸಿ ಮಾಡಿಸಿದವರಿಗೆ ಈಗ ಕಾರು ಇಲ್ಲ, ಆದ್ದರಿಂದ ಅವರಿಗೆ ನಷ್ಟವಾಗಿಲ್ಲ. ನಷ್ಟವಾದ ನನಗೆ ಕಂಪನಿಯೊಂದಿಗೆ ಕರಾರೇ ಇಲ್ಲ. ಕ್ಲೇಮ್ ತಿರಸ್ಕೃತವಾಯಿತು.

ಆಮೇಲೆ ಕುಳಿತು ಓದಿ, ಕೇಳಿ ತಿಳಿದುಕೊಂಡೆ. ನಾವು ‘ಫುಲ್ ಇನ್ಶೂರೆನ್ಸ್’ ಅನ್ನುವ ಒಂದೇ ಕಾಗದದಲ್ಲಿ ಎರಡು ಬೇರೆ ವಿಮೆಗಳಿವೆ. ಒಂದು ಥರ್ಡ್ ಪಾರ್ಟಿ: ನಮ್ಮ ಕಾರಿನಿಂದ ಬೇರೆಯವರಿಗೆ ಆದ ಹಾನಿಗೆ. ಇದು ಕಡ್ಡಾಯ, ದರವೂ ಸರ್ಕಾರ ಗೊತ್ತುಮಾಡಿದ್ದು. 1,000ದಿಂದ 1,500 ಸಿಸಿವರೆಗಿನ ಖಾಸಗಿ ಕಾರಿಗೆ 2022ರ ಜೂನ್‌ನಲ್ಲಿ ಬಂದ ದರ ವರ್ಷಕ್ಕೆ 3,416 ರೂಪಾಯಿ, ಮೇಲೆ ಜಿಎಸ್‌ಟಿ. ಇನ್ನೊಂದು ‘ಓನ್ ಡ್ಯಾಮೇಜ್’: ನಮ್ಮ ಕಾರಿಗೇ ಆದ ಹಾನಿಗೆ. ಕಾರು ಕೈ ಬದಲಾದರೆ 1988ರ ಮೋಟಾರು ವಾಹನ ಕಾಯ್ದೆಯ 157ನೇ ಕಲಮಿನ ಪ್ರಕಾರ ಮೊದಲನೆಯದು ತಾನಾಗಿ ಹೊಸ ಮಾಲೀಕನ ಜೊತೆ ಬರುತ್ತದೆ, ಎರಡನೆಯದು ಬರುವುದಿಲ್ಲ. ಸುಪ್ರೀಂ ಕೋರ್ಟ್ 90ರ ದಶಕದಲ್ಲೇ ಇದನ್ನು ಸ್ಪಷ್ಟಪಡಿಸಿದೆ. ಕೊಂಡವನು 14 ದಿನಗಳೊಳಗೆ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಿಸಿಕೊಳ್ಳಬೇಕು. ಆರ್‌ಸಿ ಕೈಗೆ ಬರಲಿ ಎಂದು ಕಾಯುತ್ತ ಕೂತರೆ ಆ 14 ದಿನ ಕಳೆದೇ ಹೋಗುತ್ತವೆ. ಮಾರಾಟದ ಕಾಗದ, ಸಹಿಯಾದ ನಮೂನೆಗಳ ಪ್ರತಿ ಇಟ್ಟು ಮೊದಲೇ ಅರ್ಜಿ ಹಾಕಬೇಕು.

ನಮ್ಮ ರೈತರಿಗೆ ಇದು ಅರ್ಥವಾಗದ ಮಾತಲ್ಲ. ಬೆಳೆವಿಮೆ ತುಂಬುವಾಗ ಪಹಣಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಹಣ ಎಲ್ಲಿ ಸಿಕ್ಕಿಬೀಳುತ್ತದೆ ಎಂಬುದನ್ನು ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತವರು ಬಾಯಿಪಾಠ ಹೇಳುತ್ತಾರೆ. ಹೊಲ ಕೊಂಡ ಮೇಲೆ ಖಾತೆ ಬದಲಾವಣೆಗೆ ಓಡಾಡುವ ನಾವು ಕಾರು ಕೊಂಡಾಗ ಆರ್‌ಸಿಗೇ ನಿಂತುಬಿಡುತ್ತೇವೆ.

ಇದನ್ನು ಏಜೆಂಟರು ಯಾಕೆ ಹೇಳುವುದಿಲ್ಲ? ಹೆಸರು ಬದಲಿಸಿದರೆ ಕೊಳ್ಳುವವನಿಗೆ ಮತ್ತೊಂದು ಖರ್ಚು ಬೀಳುತ್ತದೆ, ವ್ಯಾಪಾರದಲ್ಲಿ ಎಳೆದಾಟವಾಗುತ್ತದೆ ಎಂದು ನನ್ನ ಊಹೆ. ಆ ಖರ್ಚು ಎಷ್ಟು ಎಂಬುದನ್ನೂ ಹೇಳುತ್ತೇನೆ. ಕ್ಲೇಮ್ ಮಾಡದೆ ವರ್ಷ ಕಳೆದವರಿಗೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಮೊದಲ ವರ್ಷದ ನಂತರ ಶೇ 20ರಿಂದ ಶುರುವಾಗಿ ಐದು ವರ್ಷಕ್ಕೆ ಶೇ 50 ಮುಟ್ಟುತ್ತದೆ. ಇದು ಕಾರಿನದಲ್ಲ, ಮಾಲೀಕನದು. ಹಾಗಾಗಿ ಹೆಸರು ಬದಲಿಸುವಾಗ ಹಳೆಯ ಮಾಲೀಕರಿಗೆ ಸಿಕ್ಕ ರಿಯಾಯಿತಿಯಲ್ಲಿ ಉಳಿದ ಅವಧಿಯ ಪಾಲನ್ನು ಕೊಂಡವನು ಕಂಪನಿಗೆ ತುಂಬಿಕೊಡಬೇಕು. ನನಗೆ ಮಾರಿದವರಿಗೆ ಶೇ 45 ಇತ್ತು. ಮೂಲ ಪ್ರೀಮಿಯಂ 6,000 ರೂಪಾಯಿಯಲ್ಲಿ 2,700 ಕಡಿತ. ಉಳಿದ ಎಂಟು ತಿಂಗಳ ಲೆಕ್ಕಕ್ಕೆ ನಾನು ತುಂಬಿಕೊಡಬೇಕಿದ್ದದ್ದು 1,800, ಶೇ 18ರ ಜಿಎಸ್‌ಟಿ ಸೇರಿ 2,124 ರೂಪಾಯಿ, ಜೊತೆಗೆ ಹೆಸರು ಬದಲಾವಣೆಯ ಸಣ್ಣ ಶುಲ್ಕ. ಮಾರುವವರಿಗೂ ಇದರಲ್ಲಿ ಲಾಭವಿದೆ. ಬೋನಸ್ಸಿನ ಪತ್ರ ಪಡೆದಿಟ್ಟುಕೊಂಡರೆ ಮೂರು ವರ್ಷದೊಳಗೆ ಕೊಳ್ಳುವ ಬೇರೆ ಕಾರಿಗೆ ಅದನ್ನು ಬಳಸಬಹುದು.

ಪಾಲಿಸಿ ನನ್ನ ಹೆಸರಿನಲ್ಲಿದ್ದರೂ 86 ಸಾವಿರ ಪೂರ್ತಿ ಬರುತ್ತಿರಲಿಲ್ಲ, ನಿಜ. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ಬೆಲೆ. ಐದು ವರ್ಷ ದಾಟಿ ಹತ್ತರೊಳಗಿನ ಕಾರಿನ ಲೋಹದ ಭಾಗಗಳಿಗೆ ಶೇ 40 ಸವಕಳಿ. 1,500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲಿ ಮೊದಲ ಸಾವಿರ ನಮ್ಮದೇ. ‘ಜೀರೋ ಡೆಪ್’, ಅಂದರೆ ಸವಕಳಿ ಕಳೆಯದೆ ಕೊಡುವ ಸೌಲಭ್ಯ, ಇಲ್ಲದ ಪಾಲಿಸಿಯಲ್ಲಿ ಹೀಗೆ. ಆದರೂ ಕೈಗೆ ಒಂದಷ್ಟು ಬರುತ್ತಿತ್ತು. ಮುಂಗಾರಿಗೆ ಹೆಸರುಕಾಳು, ಗೋವಿನಜೋಳದ ಬೀಜ ತರಿಸಲು ಇಟ್ಟಿದ್ದ ದುಡ್ಡನ್ನು ಗ್ಯಾರೇಜಿಗೆ ಕಟ್ಟಬೇಕಾಗಿ ಬರುತ್ತಿರಲಿಲ್ಲ.

ನನ್ನನ್ನು ಈಗಲೂ ನಿದ್ದೆಗೆಡಿಸುವುದು ಮಾತ್ರ ಆ ದುಡ್ಡಲ್ಲ. ಪಾಲಿಸಿಯಲ್ಲಿ ಚಾಲನೆ ಮಾಡುವ ಮಾಲೀಕನಿಗೆ 15 ಲಕ್ಷ ರೂಪಾಯಿಯ ಅಪಘಾತ ವಿಮೆ ಇರುತ್ತದೆ. ಅದೂ ಪಾಲಿಸಿಯಲ್ಲಿ ಹೆಸರಿದ್ದವರಿಗೆ ಮಾತ್ರ. ಆ ರಾತ್ರಿ ಟ್ರೇಲರಿನ ಮೂಲೆ ಇನ್ನು ಎರಡಡಿ ಈಚೆ ಇದ್ದಿದ್ದರೆ, ನನ್ನ ಹೆಂಡತಿ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಪರರ ಹೆಸರಿನ ಕಾಗದ ಹಿಡಿದು ಓಡಾಡಬೇಕಿತ್ತು. ಆ ವಿಮೆಯಿಂದ ಆಕೆಗೆ ಒಂದು ರೂಪಾಯಿಯೂ ಸಿಗುತ್ತಿರಲಿಲ್ಲ.

ಈಗ ಗುರುತಿನವರು ಯಾರೇ ಹಳೆಯ ಗಾಡಿ ಕೊಂಡರೂ ಇನ್ಶೂರೆನ್ಸ್ ಕಾಗದ ತೋರಿಸಿ ಅನ್ನುತ್ತೇನೆ. ಕಳೆದ ವಾರ ಗೊಬ್ಬರಕ್ಕೆ ಬಂದ ಹುಡುಗನೊಬ್ಬನ ಬೈಕಿನ ಪಾಲಿಸಿಯಲ್ಲಿ ಬೇರೆಯವರ ಹೆಸರಿತ್ತು. ಕೊಂಡು ಹನ್ನೊಂದು ದಿನವಾಗಿತ್ತು. ಬೈಕಿಗೂ ಇದೇ ನಿಯಮ. ಅವತ್ತೇ ಅರ್ಜಿ ಹಾಕಿಸಿದೆ.

ಆದರೆ ಒಬ್ಬ ಅಂಗಡಿಕಾರ ಎಷ್ಟು ಜನರಿಗೆ ಹೇಳಲು ಸಾಧ್ಯ? ಸಾರಿಗೆ ಇಲಾಖೆಯವರಲ್ಲಿ ನನ್ನ ವಿನಂತಿ ಇಷ್ಟೇ: ಮಾಲೀಕತ್ವ ಬದಲಾವಣೆಯ ಅರ್ಜಿ ಸ್ವೀಕರಿಸಿದ ದಿನವೇ ಕೊಂಡವನ ಮೊಬೈಲಿಗೆ ಕನ್ನಡದಲ್ಲಿ ಒಂದು ಸಂದೇಶ ಕಳಿಸಿ: “ಇನ್ಶೂರೆನ್ಸ್ ಇನ್ನೂ ನಿಮ್ಮ ಹೆಸರಿನಲ್ಲಿಲ್ಲ. 14 ದಿನದೊಳಗೆ ಬದಲಿಸಿಕೊಳ್ಳಿ.” ಅದೇ ಸಾಲನ್ನು ಕಚೇರಿಯ ಕೌಂಟರಿನ ಗಾಜಿನ ಮೇಲೂ ದೊಡ್ಡ ಅಕ್ಷರದಲ್ಲಿ ಅಂಟಿಸಿ.

ತಮ್ಮ ವಿಶ್ವಾಸಿ,
ಒಬ್ಬ ಬೀಜ-ಗೊಬ್ಬರದ ವ್ಯಾಪಾರಿ
ಅಣ್ಣಿಗೇರಿ, ಧಾರವಾಡ ಜಿಲ್ಲೆ